ಅರೆಥಾ ದನಿ

ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗುವಾಗ ಈಗ ಕಿವಿಯಲ್ಲಿ ಅಮೆರಿಕದ ಗಾಯಕಿ ಅರೆಥಾ ಫ್ರಾಂಕ್ಲಿನ್ ಮಾತ್ರ. ಹುಟ್ಟಿದ್ದು 1942ರಲ್ಲಿ, ಮೆಂಫಿಸ್‌ನಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಅಪ್ಪ ಪಾದ್ರಿ. ನಮ್ಮ ಕಡೆ ಭಜನೆಯಲ್ಲಿ ಮಕ್ಕಳ ದನಿ ಪಳಗುವ ಹಾಗೆ ಅವರದ್ದು ಅಪ್ಪನ ಚರ್ಚ್‌ನಲ್ಲಿ ಪಳಗಿತು. ಕೊಲಂಬಿಯಾ ರೆಕಾರ್ಡ್ ಕಂಪನಿಯಲ್ಲಿ ಕೆಲವು ವರ್ಷ ಹಾಡಿದರೂ ಅಂಥ ಹೆಸರು ಬರಲಿಲ್ಲ. ಅಟ್ಲಾಂಟಿಕ್ ಅನ್ನೋ ಇನ್ನೊಂದು ರೆಕಾರ್ಡ್ ಕಂಪನಿಗೆ ಬಂದಮೇಲೆ ಪಿಯಾನೋ ತಾವೇ ನುಡಿಸುತ್ತಾ ಮನಸ್ಸು ಬಿಚ್ಚಿ ಹಾಡಿದರು ನೋಡಿ, ಎಲ್ಲ ಬದಲಾಯಿತು.

1967ರ 'ರೆಸ್ಪೆಕ್ಟ್' ಕೇಳಿ. ಮೂಲ ಹಾಡು ಗಾಯಕ ಓಟಿಸ್ ರೆಡ್ಡಿಂಗ್ ಅವರದು, ಗಂಡಸು ಮನೆಗೆ ಬಂದಾಗ ಮರ್ಯಾದೆ ಕೇಳುವ ಹಾಡು. ಅರೆಥಾ ಅದನ್ನು ಹೆಣ್ಣಿನ ಬಾಯಿಗೆ ತಂದರು, ಆ ಪದವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, ಹಿಂದೆ ಅವರ ಅಕ್ಕತಂಗಿಯರ ಕೋರಸ್ ಬೇರೆ. ಮನೆ ಮನೆಯಲ್ಲೂ ಹೆಂಗಸರು ಹೇಳಬೇಕಾದ ಮಾತೇ ಅಲ್ವಾ ಅದು?

ನನಗೆ ಜಾಸ್ತಿ ಇಷ್ಟ 1998ರ ಗ್ರಾಮಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಅವರು ಹಾಡಿದ್ದು. ಒಪೆರಾ, ಅಂದರೆ ಪಾಶ್ಚಾತ್ಯ ಸಂಗೀತ ನಾಟಕದ ಗಾಯಕ ಪವರೊಟ್ಟಿಗೆ ಹುಷಾರಿಲ್ಲ ಅಂತ ಕೊನೇ ಗಳಿಗೆಯಲ್ಲಿ ಅವರು ಹಾಡಬೇಕಿದ್ದ ಸಂಗೀತ ಸಂಯೋಜಕ ಪುಚ್ಚೀನಿಯ ಒಪೆರಾ ಹಾಡನ್ನು ಅರೆಥಾ ಹಾಡಿದರು. ಎಂಟನೇ ಕ್ರಾಸ್ ಗಣಪತಿ ಹಬ್ಬದ ಸಂಗೀತ ಕಛೇರಿಗಳಲ್ಲಿ ರಾತ್ರಿವರೆಗೂ ಕೂರುವ ನಮ್ಮ ಮೈಸೂರಿನವರು ಇದನ್ನೊಮ್ಮೆ ಕೇಳಲೇಬೇಕು, ಅರೆಥಾ ಹಾಡುವ ಸೌಲ್, ಅಂದರೆ ಚರ್ಚ್ ಹಾಡುಗಳ ಬೇರಿರುವ ಅಮೆರಿಕದ ಕಪ್ಪು ಜನರ ಸಂಗೀತ, ಗೊತ್ತಿಲ್ಲದಿದ್ದರೂ ಪರವಾಗಿಲ್ಲ.