ಮಸ್ಕತ್ ಪ್ರವಾಸದಲ್ಲಿ ಶುಕ್ರವಾರವನ್ನು ಏನು ಮಾಡಬೇಕು?

ಪ್ರವಾಸದ ಕಾರ್ಯಕ್ರಮ ಹಾಕಲು ಕೂತರೆ ಸಾಮಾನ್ಯವಾಗಿ ಎಲ್ಲರೂ ಮೊದಲು ನೋಡುವುದು ಕಿಲೋಮೀಟರ್. ಒಮಾನಿಗೆ ಕನ್ನಡದ ಗ್ರೂಪ್‌ಗಳನ್ನು ಕರೆದೊಯ್ಯುವ ಕೆಲಸದಲ್ಲಿ ನಾನು ಮೊದಲು ನೋಡುವುದು ವಾರ, ಆಮೇಲೆ ಗಂಟೆ. ದೂರದ ಲೆಕ್ಕ ಕೊನೆಗೆ.

ಮಸ್ಕತ್‌ನ ಮತ್ರಾಹ್ ಸೂಕ್, ಅಂದರೆ ಮತ್ರಾಹ್ ಪೇಟೆ ತಗೊಳ್ಳಿ. ಬೆಳಿಗ್ಗೆ ತೆಗೆದ ಅಂಗಡಿ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಮುಚ್ಚುತ್ತದೆ. ಬಿಸಿಲು ಇಳಿದು ನಾಲ್ಕೋ ಐದೋ ಗಂಟೆಗೆ ಮತ್ತೆ ತೆಗೆದರೆ ರಾತ್ರಿ ಹತ್ತರವರೆಗೂ ವ್ಯಾಪಾರ. ‘ಊಟ ಮುಗಿಸಿ ಮೂರಕ್ಕೆ ಶಾಪಿಂಗ್’ ಎಂದು ಬೆಂಗಳೂರಲ್ಲಿ ಕೂತು ಬರೆದರೆ, ಅಲ್ಲಿ ಸಿಗುವುದು ಮುಚ್ಚಿದ ಶಟರ್‌ಗಳ ಸಾಲು ಮತ್ತು ನೆರಳಲ್ಲಿ ಮಲಗಿದ ಬೆಕ್ಕು. ಸೂಕ್ ಎಂದರೆ ಸಂಜೆಯ ಕೆಲಸ ಎಂದೇ ಇಟ್ಟುಕೊಳ್ಳಬೇಕು. ಮಾಲ್‌ಗಳ ಮಾತು ಬೇರೆ, ಅವು ಮಧ್ಯಾಹ್ನವೂ ತೆರೆದಿರುತ್ತವೆ. ಆದರೆ ಮಾಲ್ ನೋಡಲು ಒಮಾನಿಗೆ ಯಾಕೆ ಹೋಗಬೇಕು?

ಸುಲ್ತಾನ್ ಖಾಬೂಸ್ ದೊಡ್ಡ ಮಸೀದಿಯದು ಇದಕ್ಕೆ ತದ್ವಿರುದ್ಧ. ಮುಸ್ಲಿಮೇತರರಿಗೆ ಶನಿವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಎಂಟರಿಂದ ಹನ್ನೊಂದು ಮಾತ್ರ. ಹೆಂಗಸರು ತಲೆಗೆ ವಸ್ತ್ರ ಹೊದ್ದಿರಬೇಕು, ಕೈಕಾಲು ಮುಚ್ಚಿರಬೇಕು. ಹೋಟೆಲ್ ತಿಂಡಿಗೆ ನಿಧಾನವಾಗಿ ಕೂತರೆ ಮಸೀದಿ ತಪ್ಪಿತು ಎಂದೇ ಲೆಕ್ಕ.

ಇನ್ನು ಶುಕ್ರವಾರ. ಜುಮಾ ನಮಾಜಿನ ದಿನ, ಮಸೀದಿಗೆ ಪ್ರವೇಶವಿಲ್ಲ, ಸೂಕ್‌ನಲ್ಲಿ ಸಂಜೆಯವರೆಗೂ ಜೀವ ಇರುವುದಿಲ್ಲ. ಹಾಗಾಗಿ ಎಷ್ಟೋ ಏಜೆಂಟರು ಅದನ್ನು ‘ವಿಶ್ರಾಂತಿ ದಿನ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನನ್ನ ಪ್ರಕಾರ ಒಮಾನಿನಲ್ಲಿ ವಾರದ ಅತ್ಯುತ್ತಮ ಬೆಳಗು ಅದೇ, ಆದರೆ ಮಸ್ಕತ್‌ನಲ್ಲಿ ಅಲ್ಲ, ನಿಜ್ವಾ ಎಂಬ ಊರಿನಲ್ಲಿ.

ನಿಜ್ವಾದ ಜಾನುವಾರು ಸಂತೆ ಶುಕ್ರವಾರ ಬೆಳಿಗ್ಗೆಯೇ ಜೋರು. ಮಸ್ಕತ್‌ನಿಂದ ಸುಮಾರು ಒಂದೂವರೆ ಗಂಟೆಯ ದಾರಿ, ಐದೂವರೆಗೇ ಬಸ್ಸು ಬಿಡಬೇಕು. ಕೊಳ್ಳುವವರು ವೃತ್ತವಾಗಿ ನಿಂತಿರುತ್ತಾರೆ, ಮಾರುವವರು ಆಡು-ಕುರಿ ಹಿಡಿದು ಅವರ ನಡುವೆ ಸುತ್ತು ಹಾಕುತ್ತ ಬೆಲೆ ಕೂಗುತ್ತಾರೆ. ಯಾರೋ ಕೈ ಚಾಚಿ ನಿಲ್ಲಿಸಿ, ಬಾಯಿ ಬಿಡಿಸಿ ಹಲ್ಲು ನೋಡಿ, ಬೆನ್ನು ಒತ್ತಿ, ತಲೆ ಅಲ್ಲಾಡಿಸಿ ಕಳಿಸುತ್ತಾರೆ. ಒಮ್ಮೆ ಹಾವೇರಿ ಕಡೆಯ ರೈತರೊಬ್ಬರು ಗ್ರೂಪಿನಲ್ಲಿದ್ದರು. ಕೋಟೆ ನೋಡಲು ಕರೆದರೂ ಅವರು ಜಾಗ ಬಿಟ್ಟು ಕದಲಲಿಲ್ಲ. ನಮ್ಮ ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕಟ್ಟುತ್ತಾರಲ್ಲ, ‘ಇಲ್ಲಿ ಎಲ್ಲಾ ಬಾಯಿಬಿಟ್ಟೇ ಹೇಳ್ತಾರಲ್ರೀ ಸರ’ ಎಂಬುದೇ ಅವರಿಗೆ ಸೋಜಿಗ. ಒಂಬತ್ತರ ಹೊತ್ತಿಗೆ ಸಂತೆ ಕರಗುತ್ತದೆ, ನಮಾಜಿನ ಹೊತ್ತು ಹತ್ತಿರವಾದಂತೆ ಪಕ್ಕದ ಸೂಕ್ ಕೂಡ ಬಾಗಿಲು ಹಾಕುತ್ತದೆ. ಖರ್ಜೂರ, ಹಲ್ವಾ ಕೊಳ್ಳುವುದಿದ್ದರೆ ಅಷ್ಟರಲ್ಲೇ ಮುಗಿಸಬೇಕು.

ಚೌಕಾಸಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೂಕ್‌ನಲ್ಲಿ ಮಾಡಬಹುದು, ಸೂಪರ್‌ಮಾರ್ಕೆಟ್‌ನಲ್ಲಿ ಬೇಡ. ಚಿನ್ನದಲ್ಲಿ ಆ ದಿನದ ದರ ಅಲುಗಾಡುವುದಿಲ್ಲ, ಜಗ್ಗಾಡಲು ಜಾಗವಿರುವುದು ಮಜೂರಿಯಲ್ಲಿ. ಲುಬಾನ್ ಎಂಬ ಧೂಪದ ಅಂಟಿನಲ್ಲಿ ದೋಫಾರ್ ಪ್ರಾಂತ್ಯದ ಹೊಜಾರಿ ಎಂಬ ಬಗೆಗೆ ಬೆಲೆ ಹೆಚ್ಚು. ತಿಳಿಹಸಿರು ಬಣ್ಣದ ಹರಳನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ, ಒಂದು ಚೂರು ಕೆಂಡಕ್ಕೆ ಹಾಕಿ ಎಂದರೆ ಹಾಕುತ್ತಾರೆ. ವಾಸನೆ ನೋಡಿ, ಎರಡು ಬಗೆ ಸೇರಿಸಿ ಕೇಳಿದರೆ ಬೆಲೆ ಇಳಿಯುತ್ತದೆ. ಅಂಗಡಿಯವರಲ್ಲಿ ಭಾರತದವರೇ ಬಹಳ, ಹಿಂದಿ ನಡೆಯುತ್ತದೆ. ಆದರೆ ‘ಐನೂರು’ ಎಂದರೆ ರೂಪಾಯಿಯಲ್ಲ, ಐನೂರು ಬೈಸಾ. ಒಂದು ರಿಯಾಲಿಗೆ ಸಾವಿರ ಬೈಸಾ, ಅಂದರೆ ಅದು ಅರ್ಧ ರಿಯಾಲ್. ಒಂದು ರಿಯಾಲಿಗೇ ನಮ್ಮ ಇನ್ನೂರು ರೂಪಾಯಿಗಿಂತ ಹೆಚ್ಚು ಎಂಬುದನ್ನು ಬಸ್ಸಿನಲ್ಲೇ ಎರಡು ಸಲ ಹೇಳಿಬಿಡುತ್ತೇನೆ. ಖಂಜರ್ ಎಂಬ ಬಾಕು ಕೊಂಡವರಿಗೆ ಇನ್ನೊಂದು ಮಾತು: ಅದು ಕೈಚೀಲದಲ್ಲಲ್ಲ, ಚೆಕ್-ಇನ್ ಲಗೇಜಿನಲ್ಲಿ ಹೋಗಬೇಕು.

ದುಬೈ ಜೊತೆ ಸೇರಿಸಿದ ಪ್ಯಾಕೇಜ್ ಆದರೆ ಇನ್ನೊಂದು ತೊಡಕು. ಒಮಾನಿನಲ್ಲಿ 2013ರ ಮೇಯಿಂದ ವಾರದ ರಜೆ ಶುಕ್ರವಾರ-ಶನಿವಾರ. ದುಬೈ ಇರುವ ಯುಎಇ 2022ರ ಜನವರಿಯಿಂದ ಶನಿವಾರ-ಭಾನುವಾರಕ್ಕೆ ಬದಲಾಯಿತು, ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ. ಕಚೇರಿ ಕೆಲಸವಿದ್ದರೆ ಗಡಿ ದಾಟುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ರಂಜಾನ್‌ನಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. ಹಗಲಲ್ಲಿ ಬಹುತೇಕ ಹೋಟೆಲುಗಳಲ್ಲಿ ಊಟವಿಲ್ಲ, ಹೊರಗೆ ನೀರು ಕುಡಿಯುವುದೂ ಸಲ್ಲದು. ಪೇಟೆಗೆ ಕಳೆ ಬರುವುದು ಇಫ್ತಾರ್ ಮುಗಿದ ಮೇಲೆ, ಮಧ್ಯರಾತ್ರಿಯವರೆಗೂ. ರಾತ್ರಿ ಪೇಟೆ ಇಷ್ಟಪಡುವವರಿಗೆ ಸೊಗಸು. ಸಕ್ಕರೆ ಕಾಯಿಲೆಯ ಹಿರಿಯರಿರುವ ಗ್ರೂಪಿಗೆ ನಾನು ಆ ತಿಂಗಳು ಬೇಡ ಎನ್ನುತ್ತೇನೆ. ಈದ್ ದಿನ ಚಂದ್ರ ಕಂಡ ಮೇಲೇ ಖಚಿತವಾಗುವುದರಿಂದ ಅದರ ಆಚೀಚೆ ಸೂಕ್ ಇಡುವುದೇ ಇಲ್ಲ.

ಉಳಿದ ತಿಂಗಳುಗಳಲ್ಲಿ ಗುರುವಾರ ಬೆಳಿಗ್ಗೆ ಮಸ್ಕತ್‌ಗೆ ಇಳಿಯುವ ವಿಮಾನಕ್ಕೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ಬುಕ್ ಮಾಡುತ್ತೇನೆ. ಆ ಸಂಜೆ ಮತ್ರಾಹ್, ಮರುದಿನ ನಸುಕಿಗೇ ನಿಜ್ವಾ, ಶನಿವಾರ ಎಂಟಕ್ಕೆ ಮಸೀದಿ ಬಾಗಿಲಲ್ಲಿ.