ಒಂದೂವರೆ ಕಿಲೋ

ಹೃದಯದ ತೊಂದರೆಯಿಂದ ಅಪ್ಪಯ್ಯನ ಕಾಲು ಬಾತುಕೊಳ್ಳುತ್ತಿದ್ದುದರಿಂದ ಶಿವಮೊಗ್ಗದ ವೈದ್ಯರು ದಿನಕ್ಕೊಂದರಂತೆ 40 ಮಿಲಿಗ್ರಾಂನ ಫ್ಯೂರೊಸಮೈಡ್ ಮಾತ್ರೆಯನ್ನು ಬರೆದುಕೊಟ್ಟಿದ್ದರು. ನಮ್ಮ ಮನೆಯಲ್ಲಿ ಅದರ ಹೆಸರು ನೀರಿನ ಮಾತ್ರೆ. ಜನವರಿಯ ಒಂದು ಭಾನುವಾರ ನಸುಕಿನಲ್ಲಿ, ಅಡಿಗೆಮನೆಯ ಗೂಡಿನಲ್ಲಿದ್ದ ಅವರ ಡಬ್ಬಿಯಿಂದ ಅಂಥದೊಂದು ಮಾತ್ರೆಯನ್ನು ಕದ್ದು ನುಂಗಿದೆ.

ಕಾರಣ ನನ್ನ ತೂಕ. ನಾನು ಬಂಡೆ ಹತ್ತುವವನು; ಬೆಂಗಳೂರಿನಲ್ಲಿ ಕೃತಕ ಗೋಡೆ ಹತ್ತುವ ಆಯ್ಕೆ ಸ್ಪರ್ಧೆಗೆ ಮೂರು ವಾರ ಉಳಿದಿತ್ತು. ಅದಕ್ಕೂ ತಿಂಗಳು ಮೊದಲು, ಜಿಮ್ಮಿಗೆ ಬರುತ್ತಿದ್ದ ಪರಿಚಯದವನೊಬ್ಬನ ಮಾತು ಕೇಳಿ ಕ್ರಿಯೇಟಿನ್ ಪುಡಿಯನ್ನು ಶುರುಮಾಡಿದ್ದೆ. ಅದೇನೂ ನಿಷೇಧಿತ ವಸ್ತುವಲ್ಲ. ಕೆಲವೇ ಸೆಕೆಂಡುಗಳ ಬಿರುಸಿನ ಕೆಲಸಕ್ಕೆ ಸ್ನಾಯು ಬಳಸಿಕೊಳ್ಳುವ ಫಾಸ್ಫೋಕ್ರಿಯೇಟಿನ್‌ನ ಸಂಗ್ರಹವನ್ನು ಅದು ಹೆಚ್ಚಿಸುತ್ತದೆ. ಜೊತೆಗೆ ಸ್ನಾಯುವಿನೊಳಕ್ಕೆ ನೀರನ್ನೂ ಎಳೆದುಕೊಳ್ಳುತ್ತದೆ. ಕಬ್ಬಿಣ ಎತ್ತುವವನಿಗೆ ಇದರಿಂದ ನಷ್ಟವಿಲ್ಲ, ಆದರೆ ತನ್ನ ಮೈಯನ್ನೇ ಬೆರಳ ತುದಿಯಲ್ಲಿ ಹೊತ್ತು ಮೇಲೇರಬೇಕಾದವನ ಲೆಕ್ಕ ಬೇರೆ. 61 ಕಿಲೋ ಇದ್ದವನು ನಾನು 62.5 ಆಗಿದ್ದೆ. ಬೆರಳಿಗೆ ಬಲ ಬಂತೋ ಇಲ್ಲವೋ ಗೊತ್ತಾಗಲಿಲ್ಲ, ತೂಕದ ಮುಳ್ಳು ಏರಿದ್ದು ಮಾತ್ರ ಕಣ್ಣಿಗೆ ಕಾಣುತ್ತಿತ್ತು. ಪುಡಿಯನ್ನು ನಿಲ್ಲಿಸಿ ಕೆಲವು ವಾರ ಕಾದಿದ್ದರೆ ಆ ನೀರು ತಾನಾಗಿಯೇ ಇಳಿಯುತ್ತಿತ್ತು. ಪುಡಿಯನ್ನೂ ಬಿಡದೆ ತೂಕವನ್ನೂ ಇಳಿಸುವ ಉಪಾಯ ನನಗೆ ಹೊಳೆದಿತ್ತು. ಸ್ಪರ್ಧೆಯ ದಿನಕ್ಕೆ ಮೊದಲು ಅದನ್ನೊಮ್ಮೆ ಪರೀಕ್ಷಿಸಿ ನೋಡಬೇಕೆಂಬುದು ಆ ಭಾನುವಾರದ ಯೋಜನೆ.

ಮುಕ್ಕಾಲು ಗಂಟೆಯಲ್ಲಿ ಮಾತ್ರೆ ಕೆಲಸ ಆರಂಭಿಸಿತು. ಎಂಟು ಗಂಟೆಯೊಳಗೆ ಐದು ಬಾರಿ ಬಚ್ಚಲಿಗೆ ಹೋಗಿ ಬಂದವನು ತೂಕದ ಯಂತ್ರದ ಮೇಲೆ ನಿಂತಾಗ, ಒಂದೂವರೆ ಕಿಲೋ ಇಳಿದಿತ್ತು. ಮತ್ತೆ ಏರೀತೆಂಬ ಭಯಕ್ಕೆ ಅಮ್ಮ ಕೊಟ್ಟ ಕಾಫಿಯನ್ನೂ ಬೇಡವೆಂದೆ.

ತೀರ್ಥಹಳ್ಳಿಯ ಸುತ್ತ ಮಳೆಗಾಲದಲ್ಲಿ ಬಂಡೆಗಳೆಲ್ಲ ಪಾಚಿಗಟ್ಟಿ ಜಾರುತ್ತವೆ. ನಮಗೆ ಹತ್ತಲು ಸಿಗುವುದು ಚಳಿಗಾಲದ ಈ ಕೆಲವು ತಿಂಗಳು ಮಾತ್ರ. ಶಿವಮೊಗ್ಗದ ಮೆಡಿಕಲ್ ಶಾಪೊಂದರಲ್ಲಿ ಕೆಲಸ ಮಾಡುವ ಗೆಳೆಯ ಬೈಕಿನಲ್ಲಿ ಬಂದಿದ್ದ. ಮೇಲಿನ ಮರಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟೆವು, ಅವನು ಕೆಳಗೆ ನಿಂತು ಹಗ್ಗ ಹಿಡಿದ. ಮೊದಲ ಇಪ್ಪತ್ತು ಅಡಿ ನಾನು ನಿಜಕ್ಕೂ ಹಗುರಾಗಿದ್ದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಅಡಿಕೆ ಮರದಿಂದ ಮರಕ್ಕೆ ದಾಟುವ ನಮ್ಮ ಕೊನೆಗೌಡನ ನೆನಪೂ ಬಂತು. ಆಮೇಲೆ, ಸಣ್ಣ ಅಂಚೊಂದರ ಮೇಲೆ ಹೆಬ್ಬೆರಳೂರಿ ಬಲಗೈಯನ್ನು ಚಾಚುವಷ್ಟರಲ್ಲಿ, ಎಡಗಾಲಿನ ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು. ಕಾಲನ್ನು ಒದರಲು ನೋಡಿದರೆ ಕೈಬೆರಳುಗಳೂ ಮಡಿಚಿಕೊಂಡು ಬಿಡಿಸಲು ಬಾರದಾದವು. ಕಣ್ಣು ಕತ್ತಲೆಗಟ್ಟಿತು. ಹಗ್ಗಕ್ಕೆ ಜೋತುಬಿದ್ದವನನ್ನು ಗೆಳೆಯ ಮೆಲ್ಲನೆ ಇಳಿಸಿದ.

ಏನು ತಿಂದೆ ಎಂದು ಕೇಳಿದ. ಅವನ ಬಳಿ ಔಷಧದ ವಿಷಯದಲ್ಲಿ ಸುಳ್ಳು ನಡೆಯುವುದಿಲ್ಲ. ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಕೂಡ ಮೈಯಿಂದ ಹರಿದುಹೋಗಿವೆ, ಅಪ್ಪಯ್ಯನಿಗೆ ಆಗಾಗ ರಕ್ತ ಪರೀಕ್ಷೆ ಮಾಡಿಸುವುದೂ ಅದಕ್ಕಾಗಿಯೇ ಎಂದ. ಬಳಿಕ, “ಇದು ವಾಡಾ ಪಟ್ಟಿಯಲ್ಲಿದೆ ಮಾರಾಯ, ಆಟಗಾರರ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆಯ ಪಟ್ಟಿ. ಸ್ಪರ್ಧೆ ದಿನ ಮಾತ್ರ ಅಲ್ಲ, ವರ್ಷಪೂರ್ತಿ ನಿಷೇಧ. ಮೂತ್ರ ತೆಳುವಾದರೆ ಬೇರೆ ಮದ್ದು ತಗೊಂಡದ್ದೂ ಮುಚ್ಚಿಹೋಗ್ತದೆ, ಅದಕ್ಕೆ” ಎಂದು ವಿವರಿಸಿದ.

ನನಗೆ ಇದು ಹೊಳೆದೇ ಇರಲಿಲ್ಲ. ಹತ್ತುವವರ ಮದ್ದಿನ ಕಥೆಗಳನ್ನು ನಾನು ಓದಿಕೊಂಡಿದ್ದೆ. 1953ರಲ್ಲಿ 8126 ಮೀಟರ್ ಎತ್ತರದ ನಂಗಾ ಪರ್ಬತವನ್ನು ಒಬ್ಬನೇ ಏರಿದ ಹರ್ಮನ್ ಬೂಲ್ ದಾರಿಯಲ್ಲಿ ಪರ್ವಿಟಿನ್ ನುಂಗಿದ್ದ, ಅದು ಮೆಥಾಂಫೆಟಮಿನ್. 2001ರಲ್ಲಿ ಮ್ಯೂನಿಕ್‌ನ ವಿಶ್ವಕಪ್ ಸುತ್ತಿನಲ್ಲಿ ಗೆದ್ದ ಕ್ರಿಸ್ ಶರ್ಮಾ ಗಾಂಜಾದ ಅಂಶ ಪತ್ತೆಯಾಗಿ ಗೆಲುವನ್ನು ಕಳೆದುಕೊಂಡಿದ್ದ. ಗಾಂಜಾ ಸೇದಿ ಬಂಡೆ ಹತ್ತುವುದರಲ್ಲಿ ಏನು ಲಾಭವೋ ಎಂದು ನಾವಿಬ್ಬರೂ ನಕ್ಕಿದ್ದೆವು. ಉದ್ದೀಪನ ಮದ್ದೆಂದರೆ ದೂರದ ದೇಶದ, ಸೂಜಿಯ, ಗುಟ್ಟಿನ ವ್ಯವಹಾರವೆಂದು ತಿಳಿದಿದ್ದವನಿಗೆ ಉಪ್ಪಿನಕಾಯಿ ಭರಣಿಯ ಪಕ್ಕದ ಮಾತ್ರೆ ಆ ಸಾಲಿಗೆ ಸೇರುತ್ತದೆಂದು ಅನ್ನಿಸಿರಲಿಲ್ಲ.

ಎರಡು ಎಳನೀರು, ಉಪ್ಪು ಹಾಕಿದ ನಿಂಬೆ ಶರಬತ್ತು ಕುಡಿದು ಮಧ್ಯಾಹ್ನದ ಹೊತ್ತಿಗೆ ನಡೆಯುವಂತಾದೆ. ಸಂಜೆಯೊಳಗೆ ತೂಕ ಮುಕ್ಕಾಲು ಪಾಲು ಮರಳಿತ್ತು.

ರಾತ್ರಿ ಊಟದ ನಂತರ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಮಾತ್ರೆಗಳನ್ನು ಎಣಿಸಿದರು. ಅಡಿಕೆ ಲೆಕ್ಕದಷ್ಟೇ ಕಟ್ಟುನಿಟ್ಟು ಅವರದು. “ಒಂದು ಕಡಿಮೆ ಇದೆಯಲ್ಲ ಮಾರಾಯ್ತಿ. ಬೆಳಿಗ್ಗೆ ಮರೆತು ಎರಡು ನುಂಗಿದೆನೋ ಏನೋ. ನಾಳೆ ಒಂದು ದಿನ ಬಿಟ್ಟುಬಿಡ್ತೇನೆ” ಎಂದು ಅಮ್ಮನಿಗೆ ಹೇಳಿದರು. ಅವರ ಪಾದಗಳ ಮೇಲೆ ಚಪ್ಪಲಿಯ ಪಟ್ಟಿಯ ಗುರುತು ಇನ್ನೂ ಹಾಗೇ ಕುಳಿಬಿದ್ದಿತ್ತು.

“ಬಿಡಬೇಡಿ ಅಪ್ಪಯ್ಯ. ಅದನ್ನು ತಗೊಂಡದ್ದು ನಾನು.”

ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿನಗೆ ಎಲ್ಲಿ ಬಾವು ಬಂದಿತ್ತು?” ಎಂದು ಕೇಳಿದರು. ನಾನು ಪುಡಿಯಿಂದ ಹಿಡಿದು ಎಲ್ಲವನ್ನೂ ಹೇಳಬೇಕಾಯಿತು. ಅಮ್ಮ ನಡುವೆಯೇ ಎದ್ದು ಒಳಗೆ ಹೋದರು.

ಆಯ್ಕೆ ಸ್ಪರ್ಧೆಗೆ 62 ಕಿಲೋ ತೂಕದಲ್ಲಿಯೇ ಹೋದೆ, ಮೊದಲ ಸುತ್ತಿನಲ್ಲಿ ಹೊರಬಿದ್ದೆ. ಮಾತ್ರೆಯ ಡಬ್ಬಿ ಈಗ ಅಪ್ಪಯ್ಯನ ಬೀರುವಿನಲ್ಲಿದೆ, ಕೀಲಿಕೈ ಅವರ ಬಳಿಯಿದೆ.