ಲ್ಯಾಂಕಾಸ್ಟರ್‌ನಲ್ಲಿ ಥ್ಯಾಡಿಯಸ್ ಸ್ಟೀವನ್ಸ್ ಅವರ ಸಮಾಧಿ

ಫಿಲಡೆಲ್ಫಿಯಾದಿಂದ ಬೆಳಗಿನ ರೈಲು ಹಿಡಿದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ನಾನು ಇಳಿದದ್ದು ಒಂದು ಸಮಾಧಿಯನ್ನು ನೋಡುವುದಕ್ಕಾಗಿ. ವೆಸ್ಟ್ ಚೆಸ್ಟ್‌ನಟ್ ಮತ್ತು ಮಲ್ಬೆರಿ ಬೀದಿಗಳು ಕೂಡುವಲ್ಲಿ ಶ್ರೈನರ್ ಸ್ಮಶಾನವಿದೆ. ಗುಲಾಮಗಿರಿಯ ವಿರುದ್ಧ ಅಮೆರಿಕದ ಸಂಸತ್ತಿನಲ್ಲಿ ಗುಡುಗಿದ ವಕೀಲ ಥ್ಯಾಡಿಯಸ್ ಸ್ಟೀವನ್ಸ್ ಅವರು ಈ ಚಿಕ್ಕ ಜಾಗದಲ್ಲಿ ಮಲಗಿದ್ದಾರೆ. ಏಕಾಂತದ ಮೇಲಿನ ಒಲವಿನಿಂದ ತಾನು ಇಲ್ಲಿಗೆ ಬಂದದ್ದಲ್ಲ, ಬೇರೆ ಸ್ಮಶಾನಗಳು ಜನಾಂಗ ನೋಡಿ ಜಾಗ ಕೊಡುತ್ತಿದ್ದುದರಿಂದ, ಸೃಷ್ಟಿಕರ್ತನೆದುರು ಮನುಷ್ಯರೆಲ್ಲ ಸಮಾನರೆಂದು ಬದುಕಿಡೀ ಹೇಳಿದ್ದನ್ನು ಸಾವಿನಲ್ಲೂ ತೋರಿಸಲು ಇದನ್ನು ಆರಿಸಿಕೊಂಡೆನೆಂದು ಕಲ್ಲಿನ ಮೇಲೆ ಅವರ ಮಾತನ್ನೇ ಕೆತ್ತಲಾಗಿದೆ.

ಅದನ್ನು ಎರಡೆರಡು ಸಲ ಓದಿದೆ. ಓದುತ್ತಿದ್ದಂತೆ 1821ರ ಒಂದು ಮೊಕದ್ದಮೆ ನೆನಪಾಗದೆ ಇರಲಿಲ್ಲ. ಆಗ ಗೆಟಿಸ್‌ಬರ್ಗ್‌ನಲ್ಲಿ ವಕೀಲಿ ಮಾಡುತ್ತಿದ್ದ ಸ್ಟೀವನ್ಸ್, ಮೇರಿಲ್ಯಾಂಡಿನ ಗುಲಾಮರ ಒಡೆಯನೊಬ್ಬನ ಪರವಾಗಿ ವಾದಿಸಿ ಗೆದ್ದಿದ್ದರು. ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ಇರಿಸಿಕೊಂಡ ಗುಲಾಮರಿಗೆ ಬಿಡುಗಡೆಯೆಂಬ ಕಾನೂನನ್ನು ನಂಬಿ ನ್ಯಾಯ ಕೇಳಿದ್ದ ಚಾರಿಟಿ ಬಟ್ಲರ್ ಎಂಬ ಹೆಂಗಸು, ಆ ಆರು ತಿಂಗಳು ಬಿಡಿಬಿಡಿಯಾಗಿ ಕಳೆದದ್ದೆಂಬ ಕಾರಣಕ್ಕೆ ಮಕ್ಕಳೊಂದಿಗೆ ಗುಲಾಮಗಿರಿಯಲ್ಲೇ ಉಳಿದಳು. ಸ್ಟೀವನ್ಸ್ ಅವರನ್ನು ಗೌರವಿಸುವವರು ಈ ಪುಟವನ್ನು ಹಾರಿಸಿ ಮುಂದೆ ಹೋಗಬಾರದೆಂದು ನನಗನ್ನಿಸುತ್ತದೆ, ಏಕೆಂದರೆ ಆಮೇಲಿನ ಅವರ ನಡೆಯ ತೂಕ ತಿಳಿಯುವುದು ಇದನ್ನು ಅರಿತಾಗಲೇ.

1833ರಲ್ಲಿ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಅವರು, ಬಡವರ ಮಕ್ಕಳಿಗೂ ಉಚಿತ ಶಾಲೆಯೆಂಬ ಕಾನೂನು 1835ರಲ್ಲಿ ರದ್ದಾಗುವ ಹಂತಕ್ಕೆ ಬಂದಾಗ ಒಂದು ಭಾಷಣದಿಂದ ಅದನ್ನು ಉಳಿಸಿದರು. ವಾಷಿಂಗ್ಟನ್‌ನಲ್ಲಿ, ಗುಲಾಮಗಿರಿಯನ್ನು ಅಳಿಸಿದ ಸಂವಿಧಾನದ 13ನೇ ತಿದ್ದುಪಡಿಗಾಗಿಯೂ ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಕೊಟ್ಟ 14ನೇ ತಿದ್ದುಪಡಿಗಾಗಿಯೂ ದುಡಿದರು. 1868ರ ಆಗಸ್ಟ್ 11ರಂದು ತೀರಿಕೊಂಡಾಗ ಸಂಸತ್ ಭವನದಲ್ಲಿ ಅವರ ಪಾರ್ಥಿವ ಶರೀರಕ್ಕೆ ಕಾವಲು ನಿಂತವರು ಕಪ್ಪು ಸೈನಿಕರು.

ಸ್ಮಶಾನದಿಂದ ಸೌತ್ ಕ್ವೀನ್ ಬೀದಿಗೆ ನಡೆದೆ. 1842ರಲ್ಲಿ ಲ್ಯಾಂಕಾಸ್ಟರಿಗೆ ಬಂದ ಸ್ಟೀವನ್ಸ್ ಅವರ ಇಟ್ಟಿಗೆಯ ಮನೆ ಇಲ್ಲಿದೆ, ಸುತ್ತಲೂ ಈಗ ದೊಡ್ಡ ಸಭಾಭವನ ಎದ್ದಿದೆ. ಮನೆವಾರ್ತೆಯನ್ನೆಲ್ಲ ನಡೆಸುತ್ತಿದ್ದ ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಮಿಶ್ರವರ್ಣದ ವಿಧವೆ. ಜನರ ಬಾಯಿಗೆ ಹೆದರದೆ ಲಿಡಿಯಾ ಇಲ್ಲೇ ಬದುಕಿದರು. ಈ ಶತಮಾನದ ಆರಂಭದಲ್ಲಿ ಹಿತ್ತಲನ್ನು ಅಗೆದ ಪುರಾತತ್ತ್ವಜ್ಞರಿಗೆ ಇಟ್ಟಿಗೆ ಕಟ್ಟಿದ ನೀರಿನ ತೊಟ್ಟಿಯೊಂದು ಸಿಕ್ಕಿತು. ಅದರ ಗೋಡೆಯನ್ನು ಪಕ್ಕದ ಕಟ್ಟಡದ ಕಡೆಗೆ ಕಿಂಡಿಯಾಗಿ ಒಡೆಯಲಾಗಿದೆ. ಚಾರಿಟಿಯ ಒಡೆಯನಿದ್ದ ಅದೇ ಮೇರಿಲ್ಯಾಂಡಿನಿಂದ ಓಡಿಬಂದ ಗುಲಾಮರೂ ಈ ತೊಟ್ಟಿಯಲ್ಲಿ ಅಡಗಿ ಕುಳಿತಿರಬಹುದು.